ಬೊಜೊಲೇ ಅಂದ್ರೆ ನವೆಂಬರ್‌ನಲ್ಲಿ ಬರೋ ಬಾಳೆಹಣ್ಣಿನ ವಾಸನೆಯ ಅಗ್ಗದ ವೈನ್ ಅಷ್ಟೇ ಅಲ್ವಾ? ಲಿಯಾನ್‌ಗೆ ಹೋದಾಗ ಅದಕ್ಕೋಸ್ಕರ ಒಂದು ದಿನ ಎತ್ತಿಡೋದು ದಂಡನಾ?

ದಂಡ ಅಲ್ಲ, ಹೋಗಿ. ಬೊಜೊಲೇ ಅನ್ನೋದು ಫ್ರಾನ್ಸ್‌ನಲ್ಲಿ ಲಿಯಾನ್‌ಗೆ ಉತ್ತರಕ್ಕಿರೋ ಇಡೀ ಒಂದು ವೈನ್ ಪ್ರದೇಶ. ನಾನು ಲಿಯಾನ್‌ಗೆ ಕೆಲಸಕ್ಕೆ ಬಂದ ಹೊಸದರಲ್ಲಿ ನಿಮ್ಮ ಹಾಗೇ ಅಂದ್ಕೊಂಡಿದ್ದೆ. ಮೊದಲ ನವೆಂಬರ್‌ನಲ್ಲಿ ಆಫೀಸಲ್ಲಿ ಎಲ್ಲರ ಕೈಗೂ ಪ್ಲಾಸ್ಟಿಕ್ ಲೋಟದಲ್ಲಿ 'ನೂವೋ' ಕೊಟ್ರು, ಕುಡಿದ್ರೆ ಬಾಳೆಹಣ್ಣಿನ ಚಾಕ್ಲೇಟ್ ಕರಗಿಸಿ ಕೊಟ್ಟ ಹಾಗಿತ್ತು, ಇದಕ್ಕಾ ಇಷ್ಟು ಸಡಗರ ಅನ್ನಿಸ್ತು. ಆಮೇಲೆ ಎರಡು ವರ್ಷ ಆ ಕಡೆ ತಲೆ ಹಾಕಲಿಲ್ಲ.

ಮೊದಲು ಈ ನೂವೋ ವಿಷಯ ಮುಗಿಸಿಬಿಡ್ತೀನಿ. ಅದು ಸೆಪ್ಟೆಂಬರ್ ಆಸುಪಾಸಲ್ಲಿ ಕಿತ್ತ ದ್ರಾಕ್ಷಿಯನ್ನ ನಾಲ್ಕೈದು ದಿನ ಹುಳಿಯೋಕೆ ಬಿಟ್ಟು, ಬೇಗ ಬಾಟಲಿಗೆ ಹಾಕಿ, ನವೆಂಬರ್ ಮೂರನೇ ಗುರುವಾರ ಪ್ರಪಂಚಕ್ಕೆಲ್ಲ ಕಳಿಸೋ ವೈನ್. ಆ ಮೂರನೇ ಗುರುವಾರದ ಲೆಕ್ಕ ಶುರುವಾಗಿದ್ದು 1985ರಲ್ಲಿ. ಕೊಯ್ಲು ಮುಗಿದ ಖುಷಿಗೆ ಊರವರು ಕುಡೀತಿದ್ದ ಹೊಸ ವೈನನ್ನ ಜಾಹೀರಾತು ಮಾಡಿ ಮಾಡಿ ಅದೇ ಇಡೀ ಪ್ರದೇಶದ ಮುಖ ಆಗೋಯ್ತು, ದುಡ್ಡೂ ಬಂತು ಹೆಸರೂ ಕೆಡ್ತು. ಆದ್ರೆ ಅಲ್ಲಿನ ಒಳ್ಳೆ ಹತ್ತು ಊರು-ಗುಡ್ಡಗಳ ಹೆಸರಲ್ಲಿ ಬರೋ ವೈನ್, ಅದಕ್ಕೆ 'ಕ್ರೂ' ಅಂತಾರೆ, ನೂವೋ ಆಗಿ ಮಾರೋ ಹಾಗೇ ಇಲ್ಲ. ನೀವು ಹುಡುಕಬೇಕಾಗಿರೋದು ಆ ಹತ್ತನ್ನ. ಬಾಟಲಿ ಮೇಲೆ ಎಷ್ಟೋ ಸಲ ಬೊಜೊಲೇ ಅನ್ನೋ ಹೆಸರೇ ದೊಡ್ಡದಾಗಿ ಇರಲ್ಲ, ಮೊರ್ಗಾನ್, ಫ್ಲೂರಿ, ಮುಲಾಂ-ಆ-ವಾಂ, ಶಿರೂಬ್ಲ್, ಬ್ರೂಯಿ ಅಂತ ಊರಿನ ಹೆಸರೇ ಎದ್ದು ಕಾಣುತ್ತೆ, ಗೊತ್ತಿಲ್ಲದವರು ಬೇರೆ ಯಾವುದೋ ಪ್ರದೇಶದ್ದು ಅಂದ್ಕೊಂಡು ಮುಂದೆ ಹೋಗ್ತಾರೆ.

ಈಗ ಮಣ್ಣಿಗೆ ಬರೋಣ, ನನಗೆ ಇಷ್ಟವಾದ ಭಾಗ ಇದೇ. ಬೊಜೊಲೇಲಿ ಹೆಚ್ಚುಕಮ್ಮಿ ಎಲ್ಲ ಕೆಂಪು ವೈನೂ ಒಂದೇ ದ್ರಾಕ್ಷಿಯಿಂದ ಆಗೋದು, ಗಮೇ ಅಂತ. ಈ ಗಮೇಗೆ ಒಂದು ಹಳೇ ಕಳಂಕ ಇದೆ. 1395ರಲ್ಲಿ, ಬೊಜೊಲೇಗೆ ಉತ್ತರಕ್ಕಿರೋ ಬರ್ಗಂಡಿಯ ದೊರೆ ಫಿಲಿಪ್ ಅನ್ನೋನು, ಇದು ಕೆಟ್ಟ ಗಿಡ, ನಂಬಿಕೆದ್ರೋಹಿ ಗಿಡ, ಕಿತ್ತು ಬಿಸಾಕಿ ಅಂತ ಆಜ್ಞೆ ಹೊರಡಿಸಿದ. ಪಾಪ ಗಿಡದ ತಪ್ಪೇನಪ್ಪಾ ಅಂದ್ರೆ ಜಾಸ್ತಿ ಕಾಯಿ ಬಿಡ್ತಿತ್ತು. ಫಲವತ್ತಾದ ಜೇಡಿ ಸುಣ್ಣಕಲ್ಲಿನ ಮಣ್ಣಲ್ಲಿ ಅದಕ್ಕೆ ಕೊಬ್ಬು ಬಂದುಬಿಡುತ್ತೆ, ಗೊಂಚಲು ಗೊಂಚಲು ಕಾಯಿ, ಆದ್ರೆ ರಸ ಸಪ್ಪೆ. ನಮ್ಮಪ್ಪ ಕೋಲಾರದ ಕಡೆ ಟೊಮೇಟೊ ಹಾಕೋರು, ನೀರು ಗೊಬ್ಬರ ಜಾಸ್ತಿ ಆದ ಗಿಡ ನೋಡೋಕೆ ಚಂದ ತಿನ್ನೋಕಲ್ಲ ಅಂತಿದ್ರು, ಆ ದೊರೆಗೆ ಅಪ್ಪ ಸಿಕ್ಕಿದ್ರೆ ಆಜ್ಞೆ ಬೇಕಾಗ್ತಿರಲಿಲ್ಲ.

ಅದೇ ಗಿಡನ ದಕ್ಷಿಣಕ್ಕೆ ತಂದು ಬೊಜೊಲೇಯ ಉತ್ತರ ಭಾಗದ ಗ್ರಾನೈಟ್ ಗುಡ್ಡದ ಮೇಲೆ ನೆಟ್ರೆ ಕಥೆನೇ ಬೇರೆ. ಬಂಡೆ ಪುಡಿಯಾಗಿ ಆದ ಗರಸು ಮಣ್ಣು, ಬೆರಳಲ್ಲಿ ಉಜ್ಜಿದ್ರೆ ಮರಳು ಮರಳು, ಸತ್ವ ಕಮ್ಮಿ, ನೀರು ನಿಲ್ಲಲ್ಲ, ಬೇರು ಬಂಡೆ ಸಂದಿ ಹುಡ್ಕೊಂಡು ಕೆಳಗೆ ಇಳೀಬೇಕು. ಅಲ್ಲಿ ಗಮೇ ಬಾಲ ಮುಚ್ಕೊಂಡು ಬೆಳೆಯುತ್ತೆ. ಹಳೇ ತೋಟಗಳಲ್ಲಿ ಚಪ್ಪರ ಇಲ್ಲ, ತಂತಿ ಇಲ್ಲ, ಒಂದೊಂದು ಗಿಡನೂ ಮೊಣಕಾಲೆತ್ತರಕ್ಕೆ ಕತ್ತರಿಸಿರೋ ಮೋಟು ಗಿಡ, ಬೆಂಗಳೂರು ಗ್ರಾಮಾಂತರದ ಎತ್ತರದ ದ್ರಾಕ್ಷಿ ಚಪ್ಪರ ನೋಡಿ ಬೆಳೆದ ನನಗೆ ಮೊದಲ ಸಲ ಯಾರೋ ತೋಟ ಹಾಳುಗೆಡವಿದ್ದಾರೆ ಅನ್ನಿಸ್ತು.

ಫ್ಲೂರಿಯಲ್ಲಿ ಮಣ್ಣು ಗುಲಾಬಿ ಬಣ್ಣದ ಗ್ರಾನೈಟ್, ವೈನೂ ಹಗುರ, ಹೂವಿನ ಘಮ. ಅದರ ಪಕ್ಕಕ್ಕೇ ಮೊರ್ಗಾನ್, ಅಲ್ಲಿ ಕೋತ್ ದ್ಯು ಪೀ ಅಂತ ಒಂದು ಗುಡ್ಡ, ಅಲ್ಲಿ ಗುಲಾಬಿ ಬಣ್ಣ ಹೋಗಿ ನೀಲಿ ಬೂದು ಬಣ್ಣದ ಕಲ್ಲು, ಕಬ್ಬಿಣದ ಅಂಶ ಇರೋದು, ಕೈಯಲ್ಲಿ ಹಿಡಿದ್ರೆ ಪದರ ಪದರವಾಗಿ ಉದುರುತ್ತೆ, ಊರವರು ಅದನ್ನ ಕೊಳೆತ ಕಲ್ಲು ಅಂತಾನೇ ಕರೆಯೋದು. ವೈನ್ ಗಟ್ಟಿ, ಎಳೇದಿದ್ದಾಗ ಸ್ವಲ್ಪ ಮುನಿಸ್ಕೊಂಡ ಹಾಗಿರುತ್ತೆ, ಐದಾರು ವರ್ಷ ಬಿಟ್ರೆ ಚೆರ್ರಿ, ಮಣ್ಣು, ಮಸಾಲೆ ಥರದ ಏನೋ ಒಂದು ಆಳ ಬರುತ್ತೆ. ಹಾಗೆ ಹಣ್ಣಾಗೋದಕ್ಕೆ ಫ್ರೆಂಚ್‌ನಲ್ಲಿ ಆ ಊರಿನ ಹೆಸರನ್ನೇ ಕ್ರಿಯಾಪದ ಮಾಡ್ಕೊಂಡಿದ್ದಾರೆ, 'ಈ ವೈನ್ ಮೊರ್ಗಾನಿಸ್ತಿದೆ' ಅನ್ನೋ ಥರ. ಉತ್ತರಕ್ಕೆ ಮುಲಾಂ-ಆ-ವಾಂ, ಹೆಸರಿನ ಅರ್ಥ ಗಾಳಿಗಿರಣಿ, ಗಿರಣಿ ಈಗಲೂ ಗುಡ್ಡದ ಮೇಲಿದೆ, ಅಲ್ಲಿ ಗ್ರಾನೈಟ್ ಜೊತೆ ಮ್ಯಾಂಗನೀಸ್ ಸೇರ್ಕೊಂಡಿದೆ. ಅದರಿಂದ ಗಿಡ ಸೊರಗಿ ಕಾಯಿ ಚಿಕ್ಕದಾಗಿ ರಸ ಗಟ್ಟಿಯಾಗುತ್ತೆ ಅಂತ ಅಲ್ಲಿನವರು ಹೇಳ್ತಾರೆ. ಹತ್ತರಲ್ಲಿ ಹೆಚ್ಚು ಕಾಲ ಇಡಬಹುದಾದ ವೈನ್ ಅಂತ ಹೆಸರಿರೋದೂ ಅದಕ್ಕೇ. ಶಿರೂಬ್ಲ್ ಇನ್ನೂ ಎತ್ತರದಲ್ಲಿ ಇರೋದ್ರಿಂದ ತಂಪು, ವೈನೂ ತೆಳು, ಬೇಸಿಗೆಗೆ ಸರಿ. ಉಳಿದವು ಬಿಡಿ, ಒಂದೇ ದಿನಕ್ಕೆ ಆಗಲ್ಲ.

ಒಂದು ಮಾತು ಹೇಳಿಬಿಡ್ತೀನಿ, ಕಲ್ಲಿನ ರುಚಿ ಬೇರಲ್ಲಿ ಹತ್ತಿ ನೇರ ಲೋಟಕ್ಕೆ ಬರುತ್ತೆ ಅಂತ ಯಾರಾದ್ರೂ ಭಾಷಣ ಬಿಟ್ರೆ ನಗ್ತಾ ಕೇಳಿಸ್ಕೊಳ್ಳಿ ಅಷ್ಟೇ. ಮಣ್ಣು ಕೆಲಸ ಮಾಡೋದು ನೀರು ಎಷ್ಟು ಹಿಡಿಯುತ್ತೆ, ಬಿಸಿ ಎಷ್ಟು ಹಿಡಿಯುತ್ತೆ, ಗಿಡನ ಎಷ್ಟು ಅಂಕೆಯಲ್ಲಿ ಇಡುತ್ತೆ ಅನ್ನೋದ್ರಿಂದ. ಜೊತೆಗೆ ಇಳಿಜಾರು ಯಾವ ಕಡೆಗೆ ಮುಖ ಮಾಡಿದೆ, ಪಶ್ಚಿಮದ ಬೆಟ್ಟಸಾಲು ಗಾಳಿ ತಡೆಯುತ್ತೆ, ಪೂರ್ವಕ್ಕೆ ಸೋನ್ ನದಿ, ಇವೆಲ್ಲ ಸೇರಿ ಟೆರ್ವಾರ್ ಅಂತಾರೆ. ಮತ್ತೆ ಮಾಡೋರ ಕೈ. ಇಲ್ಲಿ ಕೈಯಲ್ಲೇ ಗೊಂಚಲು ಕೊಯ್ದು, ಬಿಡಿಸದೆ ಇಡೀ ಗೊಂಚಲನ್ನೇ ತೊಟ್ಟಿಗೆ ತುಂಬ್ತಾರೆ, ಕಾರ್ಬನ್ ಡೈಆಕ್ಸೈಡ್ ತುಂಬ್ಕೊಂಡು ಹಣ್ಣಿನ ಒಳಗಡೆನೇ ಹುಳಿಯೋದು ಶುರುವಾಗುತ್ತೆ, ಅದಕ್ಕೇ ಹಣ್ಣಿನ ಘಮ ಜಾಸ್ತಿ, ಒಗರು ಕಮ್ಮಿ. ನೂವೋದಲ್ಲಿ ಅವಸರ ಮಾಡಿ, ಪ್ಯಾಕೆಟ್ ಈಸ್ಟ್ ಹಾಕಿ ಮಾಡಿದಾಗ ಆ ಬಾಳೆಹಣ್ಣು ಬರುತ್ತೆ, ಮಣ್ಣಿನ ಸದ್ದೇ ಕೇಳಲ್ಲ. ಮೊರ್ಗಾನ್‌ನಲ್ಲಿ ವೈನ್ ಮಾಡ್ತಿದ್ದ ಮಾರ್ಸೆಲ್ ಲಾಪಿಯೆರ್ ಮತ್ತೆ ಅವರ ಸ್ನೇಹಿತರು, ಜೂಲ್ ಶೋವೆ ಅನ್ನೋ ವೈನ್ ವ್ಯಾಪಾರಿ-ರಸಾಯನಶಾಸ್ತ್ರಜ್ಞರ ಮಾತು ಕೇಳಿ, ತೋಟಕ್ಕೆ ವಿಷ ಹೊಡೆಯೋದು, ಕೊಂಡ ಈಸ್ಟ್ ಹಾಕೋದು ಬಿಟ್ಟು, ವೈನ್ ಕೆಡದೆ ಇರಲಿ ಅಂತ ಹಾಕೋ ಗಂಧಕನೂ ಆದಷ್ಟು ಕಮ್ಮಿ ಮಾಡಿ ಹಳೇ ಕ್ರಮಕ್ಕೆ ಹೋದ್ರು. ಲಾಪಿಯೆರ್ 2010ರಲ್ಲಿ ತೀರ್ಕೊಂಡ್ರು, ಈಗ ಆ ಭಾಗದ ಒಳ್ಳೆ ವೈನ್ ಬಗ್ಗೆ ಯಾರೇ ಮಾತಾಡಿದ್ರೂ ಅವರ ಹೆಸರು ಬರದೆ ಇರಲ್ಲ.

ಹೋಗೋದು ಹೇಗೆ ಅಂದ್ರೆ, ಲಿಯಾನ್‌ನಿಂದ ಲೋಕಲ್ ಟ್ರೇನಲ್ಲಿ ಬೆಲ್‌ವಿಲ್‌ಗೆ ಇಳಿದು ಅಲ್ಲಿಂದ ಸೈಕಲ್ಲೋ ಟ್ಯಾಕ್ಸಿಯೋ ನೋಡ್ಕೊಳ್ಳಿ, ಏರು ಇದೆ, ಸೈಕಲ್ ಅಂದ್ರೆ ಬ್ಯಾಟರಿ ಇರೋದೇ ತಗೊಳ್ಳಿ ಸರ್, ನಾನು ಮಾಮೂಲಿ ಸೈಕಲ್ ತಗೊಂಡು ಹೋಗಿ ಕೋತ್ ದ್ಯು ಪೀ ಅರ್ಧಕ್ಕೇ ತಳ್ಕೊಂಡು ಹತ್ತಿದೀನಿ. ತೋಟದವರಿಗೆ ಮುಂಚೆ ಫೋನ್ ಮಾಡಿ, ಕೊಯ್ಲಿನ ಟೈಮಲ್ಲಿ ಹೋದ್ರೆ ಯಾರೂ ಮಾತಾಡ್ಸಲ್ಲ.

ಒಂದು ಫ್ಲೂರಿ ಒಂದು ಮೊರ್ಗಾನ್ ತಗೊಂಡು ರೂಮಿಗೆ ಬಂದು ಅರ್ಧ ಗಂಟೆ ಫ್ರಿಜ್ಜಲ್ಲಿಟ್ಟು ಪಕ್ಕಪಕ್ಕ ಕುಡಿದು ನೋಡಿ, ಕೆಂಪು ವೈನ್ ತಂಪು ಮಾಡಬಾರದು ಅನ್ನೋದು ಇದಕ್ಕೆ ನಡೆಯಲ್ಲ. ಒಗರು ಕಮ್ಮಿ ಇರೋದ್ರಿಂದ ನಮ್ಮ ಖಾರಕ್ಕೂ ಜಗಳ ಆಡಲ್ಲ. ನಮ್ಮನೇಲಿ ಕೋಳಿ ಸಾರು ಮುದ್ದೆ ಜೊತೆ ಇದೇ ಪ್ರಯೋಗ ಆಗಿತ್ತು, ಫ್ಲೂರಿ ಊಟ ಮುಗಿಯೋದ್ರೊಳಗೆ ಖಾಲಿ, ಮೊರ್ಗಾನ್ ಅರ್ಧ ಉಳಿದು ಮಾರನೇ ದಿನ ಇನ್ನೂ ಚೆನ್ನಾಗಿತ್ತು.