ಒಂದಕ್ಷರ ತಿದ್ದಿದರೂ ಟೆಲಿಗ್ರಾಂಗೆ ಮೆಸೇಜ್ ಹೋಗುತ್ತೆ, ಏನು ಮಾಡಲಿ?

ಪ್ರಶ್ನೆ: ವಿಜಯನಗರದ ಸುತ್ತಮುತ್ತಲಿನ ಸುದ್ದಿ ಹಾಕುವ ಸಣ್ಣ ವರ್ಡ್‌ಪ್ರೆಸ್ ಸೈಟ್ ನಮ್ಮದು. 'ಕರೆಂಟ್ ಕಟ್' ವಿಭಾಗದ ಪೋಸ್ಟ್ ಪ್ರಕಟವಾದ ಕೂಡಲೇ ಟೆಲಿಗ್ರಾಂ ಚಾನೆಲ್‌ಗೆ ತಾನಾಗಿ ಮೆಸೇಜ್ ಹೋಗಲಿ ಅಂತ 'ಸೇವ್ ಪೋಸ್ಟ್' ಹುಕ್‌ಗೆ (ಇಂಥದ್ದು ನಡೆದಾಗ ನಮ್ಮ ಕೋಡ್ ಓಡಿಸು ಅಂತ ವರ್ಡ್‌ಪ್ರೆಸ್‌ಗೆ ಹೇಳುವ ಕೊಕ್ಕೆ) ಒಂದು ಫಂಕ್ಷನ್ ಬರೆದಿದ್ದೇನೆ. ಆಮೇಲೆ ಒಂದಕ್ಷರ ತಿದ್ದಿದರೂ ಮೆಸೇಜ್ ಮತ್ತೆ ಹೋಗುತ್ತದೆ. ಕೆಲವು ಸಲ ಮೊದಲಿಗೆ ಹೋಗುವುದೇ ಇಲ್ಲ, ಸುಮ್ನೆ ಇನ್ನೊಮ್ಮೆ ಅಪ್‌ಡೇಟ್ ಒತ್ತಿದರೆ ಹೋಗುತ್ತದೆ. ಬೆಳಗ್ಗೆ 6ಕ್ಕೆ ಶೆಡ್ಯೂಲ್ ಮಾಡಿದ್ದು 7ರ ಹತ್ತಿರ ಹೊರಡುತ್ತದೆ. ವರ್ಡ್‌ಪ್ರೆಸ್ ಥರದ್ದೇ ಇನ್ನೊಂದು ಸಾಫ್ಟ್‌ವೇರ್ ಆದ ಡ್ರೂಪಲ್‌ಗೆ ಹೋಗು ಅನ್ನುತ್ತಾನೆ ಗೆಳೆಯ. ಹೋಗಲಾ?

ಉತ್ತರ: ಬೇಡ. ನಿಮ್ಮ ತೊಂದರೆ ವರ್ಡ್‌ಪ್ರೆಸ್‌ದಲ್ಲ, ಆರಿಸಿಕೊಂಡ ಹುಕ್‌ನದು. 'ಸೇವ್ ಪೋಸ್ಟ್' ಅಂದರೆ ಸೇವ್ ಆಯಿತು ಅಂತ ಅಷ್ಟೇ. ಡ್ರಾಫ್ಟ್ ಇರಲಿ, ರಿವಿಷನ್ (ತಾನಾಗಿ ಉಳಿಯುವ ಹಳೆಯ ಪ್ರತಿ) ಇರಲಿ, ಕಾಗುಣಿತ ತಿದ್ದಿದ್ದೇ ಇರಲಿ, ಅದು ಕೂಗುತ್ತಲೇ ಇರುತ್ತದೆ. ನಿಮಗೆ ಬೇಕಿರುವುದು 'ಪ್ರಕಟವಾಗಿರದ ಪೋಸ್ಟ್ ಈಗ ಪ್ರಕಟವಾಯಿತು' ಅನ್ನುವ ಬದಲಾವಣೆ. ಮೊದಲು ಏನಿತ್ತು, ಈಗ ಏನಾಗಿದೆ ಎಂದು ಎರಡನ್ನೂ ಹೋಲಿಸದ ರೂಲ್ ಹೀಗೇ ಕಾಡುತ್ತದೆ.

ಇದಕ್ಕೆ 'ಟ್ರಾನ್ಸಿಷನ್ ಪೋಸ್ಟ್ ಸ್ಟೇಟಸ್' ಹುಕ್ ಬಳಸಿ ಅಂತ ಜಾಸ್ತಿ ಜನ ಹೇಳುತ್ತಾರೆ. ಹಳೆಯ ಸ್ಟೇಟಸ್, ಹೊಸ ಸ್ಟೇಟಸ್ ಎರಡನ್ನೂ ಅದು ಕೊಡುತ್ತದೆ, ನಿಜ. ಆದರೆ ನಿಮ್ಮ ಎರಡನೇ ತೊಂದರೆ ಅದರಿಂದ ಹೋಗಲ್ಲ. ವರ್ಡ್‌ಪ್ರೆಸ್‌ನ ಈಗಿನ ಬ್ಲಾಕ್ ಎಡಿಟರ್‌ನಲ್ಲಿ ಪಬ್ಲಿಶ್ ಒತ್ತಿದಾಗ ಮೊದಲು ಪೋಸ್ಟ್ ಸೇವ್ ಆಗುತ್ತದೆ, ಈ ಎರಡೂ ಹುಕ್‌ಗಳು ಓಡುತ್ತವೆ, ಆಮೇಲೆ ವಿಭಾಗ, ಟ್ಯಾಗ್, ಮೆಟಾ (ಪೋಸ್ಟ್ ಜೊತೆ ಉಳಿಸುವ ಹೆಚ್ಚುವರಿ ಮಾಹಿತಿ) ಸೇರುತ್ತವೆ. ನೀವು 'ಕರೆಂಟ್ ಕಟ್' ಟಿಕ್ ಮಾಡಿ ನೇರ ಪಬ್ಲಿಶ್ ಒತ್ತಿದರೆ, ನಿಮ್ಮ ಫಂಕ್ಷನ್ ಓಡುವ ಹೊತ್ತಿಗೆ ಆ ವಿಭಾಗ ಡೇಟಾಬೇಸ್‌ನಲ್ಲಿ ಇರುವುದೇ ಇಲ್ಲ. ಮೊದಲೇ ಡ್ರಾಫ್ಟ್ ಆಗಿ ಸೇವ್ ಮಾಡಿದ್ದರೆ ಇರುತ್ತದೆ. 'ಕೆಲವು ಸಲ' ಅಂದಿರಲ್ಲ, ಅದರ ಗುಟ್ಟು ಇದೇ.

ಹಾಗಾಗಿ 'ಡಬ್ಲ್ಯೂಪಿ ಆಫ್ಟರ್ ಇನ್ಸರ್ಟ್ ಪೋಸ್ಟ್' ಅನ್ನುವ ಹುಕ್ ಹಿಡಿಯಿರಿ. 2020ರಲ್ಲಿ ಬಂದ ವರ್ಡ್‌ಪ್ರೆಸ್ 5.6 ಆವೃತ್ತಿಯಿಂದ ಇದೆ. ವಿಭಾಗ, ಮೆಟಾ ಎಲ್ಲ ಕೂತ ಮೇಲೆ ಓಡುತ್ತದೆ, ಬದಲಾವಣೆಗೆ ಮುಂಚಿನ ಪೋಸ್ಟನ್ನೂ ನಿಮ್ಮ ಕೈಗೆ ಕೊಡುತ್ತದೆ. ಆ ಮುಂಚಿನ ಪೋಸ್ಟ್ ಬರುವುದು ನಾಲ್ಕನೇ ಆರ್ಗ್ಯುಮೆಂಟ್ (ಫಂಕ್ಷನ್‌ಗೆ ಕೊಡುವ ಮಾಹಿತಿ) ಆಗಿ, ಹಾಗಾಗಿ ಹುಕ್ ಸೇರಿಸುವಾಗ ಕೊನೆಯಲ್ಲಿ 4 ಅಂತ ಬರೆಯಲೇಬೇಕು. ಬರೆಯದಿದ್ದರೆ ಒಂದೇ ಆರ್ಗ್ಯುಮೆಂಟ್ ಬರುತ್ತದೆ, ವರ್ಡ್‌ಪ್ರೆಸ್ ಬರೆದಿರುವ ಭಾಷೆ ಪಿಎಚ್‌ಪಿ ಎರರ್ ಕೊಟ್ಟು ನಿಲ್ಲುತ್ತದೆ. ಹೊಚ್ಚ ಹೊಸ ಪೋಸ್ಟ್‌ಗೆ ಆ 'ಮುಂಚಿನದು' ಖಾಲಿಯೂ ಇರಬಹುದು, ಅದನ್ನೂ ನೋಡಿಕೊಳ್ಳಿ.

ಮೆಸೇಜ್ ಹೋದ ಮೇಲೆ ಪೋಸ್ಟ್‌ನ ಮೆಟಾದಲ್ಲಿ 'ಕಳಿಸಿದೆ' ಅಂತ ಗುರುತು ಹಾಕಿ. ಯಾರೋ ಪೋಸ್ಟನ್ನು ಡ್ರಾಫ್ಟ್‌ಗೆ ಇಳಿಸಿ ಮತ್ತೆ ಏರಿಸಿದರೂ ಎರಡನೇ ಮೆಸೇಜ್ ಹೋಗಲ್ಲ. ಆದರೆ ಗುರುತು ಹಾಕಲು ಪೋಸ್ಟನ್ನೇ ಅಪ್‌ಡೇಟ್ ಮಾಡಬೇಡಿ. ಅದು ಮತ್ತೆ ಅದೇ ಹುಕ್ಕನ್ನು ಕರೆಯುತ್ತದೆ, ಅದು ಮತ್ತೆ ಅಪ್‌ಡೇಟ್ ಮಾಡುತ್ತದೆ, ಸರ್ವರ್ ಸುಸ್ತಾಗುವವರೆಗೂ ಇದೇ ಕಥೆ.

ಇನ್ನೊಂದು. ಕರೆಂಟ್ ಹೋಗುವುದು 10ಕ್ಕಲ್ಲ, 11ಕ್ಕೆ ಅಂತ ತಿದ್ದಿದಾಗ ಜನರಿಗೆ ಮತ್ತೆ ಹೇಳಬೇಕಲ್ವಾ? ಇದು ಮುಖ್ಯ, ಅದು ಬರೀ ಕಾಗುಣಿತ ಅಂತ ಕೋಡ್‌ಗೆ ಗೊತ್ತಾಗಲ್ಲ. 'ಮತ್ತೆ ಕಳಿಸು' ಅಂತ ಒಂದು ಚೆಕ್‌ಬಾಕ್ಸ್ ಇಡಿ, ತಿದ್ದಿದವರೇ ತೀರ್ಮಾನಿಸಲಿ.

6 ಗಂಟೆಯ ವಿಷಯ ಸುಲಭ. ವರ್ಡ್‌ಪ್ರೆಸ್‌ನ ಕ್ರಾನ್, ಅಂದರೆ ಹೇಳಿದ ಹೊತ್ತಿಗೆ ಕೆಲಸ ಮಾಡಿಸುವ ವ್ಯವಸ್ಥೆ, ಓಡುವುದು ಯಾರಾದರೂ ಸೈಟ್‌ಗೆ ಬಂದಾಗ ಮಾತ್ರ. ಬೆಳಗ್ಗೆ ಆರಕ್ಕೆ ನಿಮ್ಮ ಸೈಟ್ ತೆಗೆಯುವವರು ಎಷ್ಟು ಜನ? ಕಾನ್ಫಿಗ್ ಫೈಲ್‌ನಲ್ಲಿ ಅದನ್ನು ಆಫ್ ಮಾಡಿ, ಸರ್ವರ್‌ನ ಅಸಲಿ ಕ್ರಾನ್‌ನಿಂದ 5 ನಿಮಿಷಕ್ಕೊಮ್ಮೆ ಕರೆಸಿ.

ಡ್ರೂಪಲ್‌ನಲ್ಲಿ ಇಂಥ ರೂಲ್‌ಗಳನ್ನು ಇಸಿಎ (ಘಟನೆ, ಷರತ್ತು, ಕ್ರಿಯೆ) ಅನ್ನುವ ಮಾಡ್ಯೂಲ್‌ನಲ್ಲಿ ಕ್ಲಿಕ್ ಮಾಡುತ್ತಲೇ ಕಟ್ಟಬಹುದು, ಗೆಳೆಯ ಹೇಳಿದ್ದು ಸುಳ್ಳಲ್ಲ. ಆದರೆ ಅಲ್ಲೂ ತಪ್ಪು ಘಟನೆ ಆರಿಸಿದರೆ ಇದೇ ಗೋಳು. ಮೂವತ್ತು ಸಾಲಿನ ಕೋಡ್‌ಗೋಸ್ಕರ ಇಡೀ ಸೈಟ್ ಹೊತ್ತುಕೊಂಡು ಹೋಗಬೇಡಿ. ಹೊಸ ಕೋಡನ್ನು ಮೊದಲು ನೀವೊಬ್ಬರೇ ಇರುವ ಬೇರೆ ಚಾನೆಲ್‌ಗೆ ಕಳಿಸಿ ನೋಡಿ. ಡ್ರಾಫ್ಟ್ ಮಾಡದೆ ನೇರ ಪಬ್ಲಿಶ್ ಒತ್ತಿ, ಶೆಡ್ಯೂಲ್ ಮಾಡಿ, ತಿದ್ದಿ, ಮೂರೂ ಸರಿಯಾಗಿ ಬಂದ ಮೇಲೆ ಅಸಲಿ ಚಾನೆಲ್‌ನ ಐಡಿ ಹಾಕಿ.