‘ಪೇರ್ ಆಫ್’ (pair off) ಮತ್ತು ‘ಪೇರ್ ಅಪ್’ (pair up) ಎರಡೂ ಒಂದೇನಾ?

ಎರಡಕ್ಕೂ ‘ಜೋಡಿಯಾಗು’ ಅಂತಲೇ ಅರ್ಥ ಕೊಟ್ಟಿರುತ್ತಾರೆ, ವ್ಯತ್ಯಾಸ ಏನು ಅಂತ ಕೇಳಿದ್ದೀರಿ. ಸಾಗರದ ಕಡೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನನ್ನ ಮಕ್ಕಳಿಗೆ ಹೇಳುವ ಹಾಗೇ ಹೇಳುತ್ತೇನೆ.

‘ಪೇರ್ ಅಪ್’ ಅಂದರೆ ಒಂದು ಕೆಲಸಕ್ಕೆ ಇಬ್ಬರು ಜೊತೆಯಾಗುವುದು. ಅಡಿಕೆ ಕೊಯ್ಲಿನಲ್ಲಿ ಕೊನೆಗೌಡ, ಅಂದರೆ ಮರ ಹತ್ತಿ ಕೊಯ್ಯುವವನು, ಮೇಲೆ ಕೊನೆ (ಅಡಿಕೆ ಗೊಂಚಲು) ತೆಗೆದು ಹಗ್ಗಕ್ಕೆ ಬಿಡುತ್ತಾನೆ. ಕೆಳಗಿನವನು ಹಗ್ಗದ ತುದಿಯನ್ನು ಬಿಗಿಯಾಗಿ ಜಗ್ಗಿ ಹಿಡಿದಿರುತ್ತಾನೆ, ಕೊನೆ ಸುಯ್ಯನೆ ಜಾರಿ ಅವನ ಕೈಗೆ ಬರುತ್ತದೆ. ಆ ಇಬ್ಬರೂ ಆ ಹೊತ್ತಿಗೆ ‘ಪೇರ್ ಅಪ್’ ಆದವರು.

‘ಪೇರ್ ಆಫ್’ ಆಗಲು ಮೊದಲು ಒಂದು ಗುಂಪು ಬೇಕು. ಆ ‘ಆಫ್’ನಲ್ಲಿ ಗುಂಪಿನಿಂದ ಬೇರೆಯಾಗುವ ಭಾವ ಇದೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯ ಮಂಡಗದ್ದೆಯಲ್ಲಿ, ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆಯ ಮರಗಳನ್ನು ನೋಡಿ. ಹಿಂಡು ಹಿಂಡಾಗಿ ಬಂದ ಬೆಳ್ಳಕ್ಕಿ, ನೀರುಕಾಗೆಗಳು ಎರಡೆರಡಾಗಿ ಗೂಡು ಕಟ್ಟುತ್ತಿರುತ್ತವೆ. ಇಂಗ್ಲಿಷಿನವರು ಹಕ್ಕಿಗಳ ಈ ಜೋಡಿಗೂ ‘ಪೇರ್ ಆಫ್’ ಅನ್ನುತ್ತಾರೆ. ಹಾಗಾಗಿ ಹರೆಯದವರ ವಿಷಯದಲ್ಲಿ ಬಳಸಿದಾಗ ಪ್ರೀತಿಯ ಅರ್ಥ ತಾನಾಗಿ ಬಂದು ಕೂರುತ್ತದೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೆಲಸಕ್ಕೆ ಸೇರಿದ ಹೊಸತರಲ್ಲಿ, ತಾನೂ ಒಬ್ಬ ಸಹೋದ್ಯೋಗಿಯೂ ಸಂಜೆ ಕೂತು ಲೆಕ್ಕ ಮುಗಿಸಿದ್ದನ್ನು ‘ಸಂಜೆ ನಾವಿಬ್ಬರೂ ಪೇರ್ ಆಫ್ ಆದೆವು’ ಅಂತ ವರದಿಯಲ್ಲಿ ಬರೆದಳು. ಓದಿದವರೆಲ್ಲ ನಕ್ಕರಂತೆ. ರಾತ್ರಿ ಫೋನ್ ಮಾಡಿ “ಮೇಡಂ, ನಾನು ಬರೆದಿದ್ದರಲ್ಲಿ ತಪ್ಪೇನಿತ್ತು?” ಅಂದಾಗ ಅವಳ ದನಿ ನಡುಗುತ್ತಿತ್ತು. ವ್ಯಾಕರಣ ಸರಿಯಾಗಿಯೇ ಇತ್ತು. ಅರ್ಥದ ಈ ಎಳೆಯನ್ನು ನಾವು ಹೇಳಿಕೊಟ್ಟಿರಲಿಲ್ಲ, ಅಷ್ಟೆ. ಅಂದಿನಿಂದ ಎರಡನ್ನೂ ಒಂದೇ ದಿನ ಕಲಿಸುತ್ತೇನೆ.

ಹಾಗಂತ ‘ಪೇರ್ ಆಫ್’ಗೆ ಹೆದರಬೇಕಿಲ್ಲ. ಇಡೀ ತರಗತಿ ಇಬ್ಬಿಬ್ಬರಾಗಿ ಕೂತರೆ ಅದೂ ‘ಪೇರ್ ಆಫ್’ ಆದದ್ದೇ, ಅಲ್ಲಿ ಬೇರೆ ಅರ್ಥ ಯಾರಿಗೂ ಹೊಳೆಯುವುದಿಲ್ಲ. ಒಬ್ಬರನ್ನು ಇನ್ನೊಬ್ಬರಿಗೆ ‘ಪೇರ್ ಆಫ್’ ಮಾಡಲು ಹೊರಟಿದ್ದಾರೆ ಅಂದರೆ ನಮ್ಮ ‘ಗಂಟು ಹಾಕು’ ಸರಿಹೊಂದುತ್ತದೆ. ಮದುವೆಮನೆಯಲ್ಲಿ ಅತ್ತೆ, ಚಿಕ್ಕಮ್ಮಂದಿರು ಮಾಡುವ ಕೆಲಸ ಅದೇ.

ಕಚೇರಿಯ ಇಮೇಲಿನಲ್ಲಿ ಇಬ್ಬರು ಸೇರಿ ಮಾಡಿದ ಕೆಲಸಕ್ಕೆ ‘ಪೇರ್ ಅಪ್’ ಬರೆಯಿರಿ. ಮೂವರೋ ನಾಲ್ವರೋ ಇದ್ದರೆ ‘ಟೀಮ್ ಅಪ್’.