ಪ್ರತಿಕ್ರಿಯೆ: ಸುಲ್ತಾನ್ ಬತ್ತೇರಿ ಬೇಗ ಮುಗಿದರೆ ಉಳಿದ ದಿನಕ್ಕೇನು?

ಮಂಗಳೂರಿನ ಸುಲ್ತಾನ್ ಬತ್ತೇರಿ ಹದಿನೈದೇ ನಿಮಿಷಕ್ಕೆ ನೋಡಿ ಮುಗಿಯಿತು, ಉಳಿದ ದಿನ ಏನು ಮಾಡುವುದು ಎಂದು ಕೇಳಿದ್ದೀರಿ. ಬೇಗ ಮುಗಿಯಲು ಕಾರಣ, ಅದು ಪೂರ್ತಿ ಕೋಟೆಯಲ್ಲ, 1784ರಲ್ಲಿ ಟಿಪ್ಪು ಕಟ್ಟಿಸಿದ ಕಾವಲು ಬುರುಜು. ಶತ್ರು ಹಡಗು ಫಲ್ಗುಣಿ ನದಿಗೆ ನುಗ್ಗದಂತೆ ತಡೆಯುವುದೇ ಅದರ ಕೆಲಸ.

ಹಾಗಾಗಿ ಅದನ್ನು ಸಂಜೆಗಿಡಿ. ಬೆಳಿಗ್ಗೆ ಸಂತ ಅಲೋಶಿಯಸ್ ಚಾಪೆಲ್‌ನ ಚಿತ್ರಗಳು (ಮಧ್ಯಾಹ್ನ ಬಾಗಿಲು ಹಾಕುವುದುಂಟು), ಆಮೇಲೆ ಕುದ್ರೋಳಿ ದೇವಸ್ಥಾನ. ನಾಲ್ಕರ ಹೊತ್ತಿಗೆ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಬತ್ತೇರಿ ಬಸ್ಸು ಹಿಡಿಯಿರಿ. ಮೆಟ್ಟಿಲು ಹತ್ತಿ, ಕಪ್ಪು ಕಲ್ಲಿನ ಗೋಡೆಯ ಕಿಂಡಿಗೆ ಕಣ್ಣಿಟ್ಟು ನದಿ ನೋಡಿ. ಜಾಗ ಇಲ್ಲೇ ಯಾಕೆ ಆರಿಸಿದರು ಎಂದು ಆಗಲೇ ಅರ್ಥವಾಗುವುದು.

ನಂತರ ಪಕ್ಕದಿಂದಲೇ ದೋಣಿಯಲ್ಲಿ ತಣ್ಣೀರುಬಾವಿ ಕಡಲತೀರಕ್ಕೆ ದಾಟಿ. ಹತ್ತುವ ಮೊದಲೇ ವಾಪಸ್ ಬರುವ ಕೊನೆಯ ದೋಣಿ ಎಷ್ಟಕ್ಕೆಂದು ಕೇಳಿಕೊಳ್ಳಿ. ತಪ್ಪಿದರೆ ಕೂಳೂರು ಸೇತುವೆ ಸುತ್ತಿ ಬರಬೇಕಾಗುತ್ತದೆ. ಮಳೆಗಾಲವಾದರೆ ದೋಣಿ ನಿಂತಿರಲೂಬಹುದು, ಹೊರಡುವ ಮುನ್ನ ವಿಚಾರಿಸಿ.